ಕಂಪ್ಯೂಟರ್ ‘ಕೆಟ್ಟಿದೆ’ ಅನ್ನುವ ಮೊದಲು



ಕಂಪ್ಯೂಟರ್ ಎಲ್ಲಿದೆ ತೋರಿಸು ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ಟಿ.ವಿ.ಯಂತಿರುವ ಪರದೆಯನ್ನು ತೋರಿಸುತ್ತೇವೆ. ಅದರ ಪಕ್ಕದಲ್ಲಿ ನಿಂತಿರುವ ಡಬ್ಬಕ್ಕೆ ‘ಸಿ.ಪಿ.ಯು.’ ಅನ್ನುತ್ತೇವೆ. ಎರಡೂ ಸರಿಯಲ್ಲ. ಪರದೆ ಬರೀ ತೋರಿಸುವ ಸಾಮಾನು. ಡಬ್ಬಕ್ಕೆ ಕ್ಯಾಬಿನೆಟ್ ಅಂತ ಹೆಸರು. ನಿಜವಾದ ಸಿ.ಪಿ.ಯು. ಆ ಡಬ್ಬದೊಳಗೆ, ಒಂದು ಫ್ಯಾನಿನ ಕೆಳಗೆ ಅಡಗಿ ಕೂತಿರುವ, ಬಿಸ್ಕತ್ತಿನಷ್ಟು ಅಗಲದ ಒಂದು ಚೌಕ.

ಹೆಸರು ತಪ್ಪಾದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. ನಮ್ಮ ಶಾಲೆಯಲ್ಲಿ ಐದು ಕಂಪ್ಯೂಟರ್‌ಗಳಿವೆ. ಅದರಲ್ಲಿ ಎರಡಕ್ಕೆ ಬಟ್ಟೆ ಹೊದಿಸಿ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿದ್ದಾರೆ. ಅವೆರಡನ್ನೂ ಗುಜರಿಗೆ ಹಾಕುವ ಮಾತು ನಡೆಯುತ್ತಿದೆ. ನಮ್ಮ ತರಗತಿಯಲ್ಲಿ 42 ಜನ ಇದ್ದೇವೆ. ಮೂರು ಕಂಪ್ಯೂಟರ್ ಅಂದರೆ ಒಂದೊಂದರ ಮುಂದೆ 14 ಜನ. ಮುಂದೆ ಕೂತವರ ಕೈಗೆ ಮೌಸ್, ಹಿಂದೆ ನಿಂತವರ ಕಣ್ಣಿಗೆ ಮುಂದಿನವರ ತಲೆ! ಐದೂ ನಡೆದರೆ ಒಂದೊಂದಕ್ಕೆ ಎಂಟೋ ಒಂಬತ್ತೋ ಜನ ಆಗುತ್ತೇವೆ.

ಸೈಕಲ್ ಪಂಕ್ಚರ್ ಆದರೆ ಯಾರೂ ಸೈಕಲನ್ನೇ ಗುಜರಿಗೆ ಹಾಕುವುದಿಲ್ಲ. ಯಾಕೆಂದರೆ ಸೈಕಲಿನಲ್ಲಿ ಟ್ಯೂಬ್ ಯಾವುದು, ಚೈನ್ ಯಾವುದು, ಬ್ರೇಕ್ ಯಾವುದು ಅಂತ ನಮಗೆಲ್ಲ ಗೊತ್ತು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ‘ಹೋಯ್ತು’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ಡಬ್ಬದೊಳಗೆ ಏನೇನಿದೆ, ಯಾವುದು ಯಾವ ಕೆಲಸ ಮಾಡುತ್ತದೆ ಅಂತ ಒಂದೊಂದಾಗಿ ನೋಡೋಣ.

*ಎಲ್ಲಾ ಸ್ವಿಚ್ಚಿನ ಆಟ*

ಮೊದಲು ಒಂದು ಗುಟ್ಟು ತಿಳಿಯಬೇಕು. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಅದರೊಳಗೆ ಇರುವುದು ಕೋಟಿಗಟ್ಟಲೆ ಪುಟ್ಟ ಪುಟ್ಟ ಸ್ವಿಚ್ಚುಗಳು. ಸ್ವಿಚ್ಚಿಗೆ ಎರಡೇ ಸ್ಥಿತಿ. ಹಾಕಿದೆ, ಇಲ್ಲವೇ ಆರಿಸಿದೆ. ಹಾಕಿದ್ದರೆ 1 ಅನ್ನೋಣ, ಆರಿಸಿದ್ದರೆ 0 ಅನ್ನೋಣ. ಇಂಥ ಒಂದು 0 ಅಥವಾ 1ಕ್ಕೆ ‘ಬಿಟ್’ ಎಂದು ಹೆಸರು. 8 ಬಿಟ್ ಸೇರಿದರೆ ಒಂದು ‘ಬೈಟ್’.

ಎರಡೇ ಅಂಕಿ ಇಟ್ಟುಕೊಂಡು ಏನು ಮಾಡಲು ಸಾಧ್ಯ? ಒಂದು ಸ್ವಿಚ್ಚಿನಿಂದ 2 ಬಗೆ ತೋರಿಸಬಹುದು. ಎರಡು ಸ್ವಿಚ್ಚಿನಿಂದ 4, ಮೂರರಿಂದ 8. ಹೀಗೆ ಒಂದೊಂದು ಸ್ವಿಚ್ ಸೇರಿಸಿದ ಹಾಗೂ ಎರಡರಷ್ಟಾಗುತ್ತಾ ಹೋಗುತ್ತದೆ. 8 ಸ್ವಿಚ್ಚಿನಿಂದ 256 ಬಗೆ. ಅಂದರೆ ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಯಾವ ಸಂಖ್ಯೆಯನ್ನು ಬೇಕಾದರೂ ಬರೆದಿಡಬಹುದು.

ಮಾಡಿ ನೋಡಿ: ಎಂಟು ಜನ ಸಾಲಾಗಿ ಕೂರಿ. ಎಡಗಡೆಯಿಂದ ಒಬ್ಬೊಬ್ಬರಿಗೆ 128, 64, 32, 16, 8, 4, 2, 1 ಎಂದು ಚೀಟಿ ಕೊಡಿ. ಎದ್ದು ನಿಂತರೆ 1, ಕೂತರೆ 0. ಈಗ ಯಾರಾದರೂ ತಮ್ಮ ಹಾಜರಿ ನಂಬರ್ ಕೂಗಲಿ. 37 ಅಂದರೆ 32, 4, 1 ಚೀಟಿಯವರು ಎದ್ದು ನಿಲ್ಲಬೇಕು, ಉಳಿದವರು ಕೂತಿರಬೇಕು. ಆಗ ಸಾಲು 00100101 ಆಯಿತು. ಯಾವ ನಂಬರ್ ಕೂಗಿದರೂ ನಿಲ್ಲುವ ರೀತಿ ಒಂದೇ ಒಂದು ಇರುತ್ತದೆ. ಪರೀಕ್ಷೆ ಮಾಡಿ ನೋಡಿ.

*ಮೆಟ್ಟಿಲ ದೀಪಕ್ಕೂ ಕೂಡುವ ಲೆಕ್ಕ ಬರುತ್ತದೆ*

ಸರಿ, ಸಂಖ್ಯೆ ಬರೆದಿಟ್ಟಿದ್ದಾಯಿತು. ಲೆಕ್ಕ ಮಾಡುವುದು ಹೇಗೆ? ಇದಕ್ಕೆ ಉತ್ತರ ಮಾಳಿಗೆ ಮನೆಯ ಮೆಟ್ಟಿಲಿನಲ್ಲಿದೆ.

ಮೆಟ್ಟಿಲ ದೀಪಕ್ಕೆ ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್ ಇರುತ್ತದೆ. ಎರಡನ್ನೂ ಒತ್ತದಿದ್ದಾಗ ದೀಪ ಆರಿದೆ ಅಂದುಕೊಳ್ಳಿ. ಯಾವುದಾದರೂ ಒಂದನ್ನು ಒತ್ತಿದರೆ ದೀಪ ಹತ್ತುತ್ತದೆ. ಎರಡನೆಯದನ್ನೂ ಒತ್ತಿದರೆ ಮತ್ತೆ ಆರಿಹೋಗುತ್ತದೆ. ಅಂದರೆ ಎರಡರಲ್ಲಿ ಒಂದನ್ನು ಮಾತ್ರ ಒತ್ತಿದ್ದಾಗ ದೀಪ ಉರಿಯುತ್ತದೆ.

ಇನ್ನೊಂದು ಜೋಡಣೆ ತೋಟದ ಮೋಟರಿನದು. ಮೇನ್ ಸ್ವಿಚ್ಚೂ ಹಾಕಬೇಕು, ಸ್ಟಾರ್ಟರೂ ಒತ್ತಬೇಕು. ಎರಡೂ ಆದರೆ ಮಾತ್ರ ಮೋಟರು ಓಡುತ್ತದೆ.

ಈಗ ಒಂದಂಕಿ ಲೆಕ್ಕ ಮಾಡೋಣ.

0 + 0 = 0
0 + 1 = 1
1 + 0 = 1
1 + 1 = 2

0 ಮತ್ತು 1 ಬಿಟ್ಟರೆ ನಮ್ಮ ಹತ್ತಿರ ಬೇರೆ ಅಂಕಿ ಇಲ್ಲ. ಹಾಗಾಗಿ 2 ಎಂಬುದನ್ನು ‘10’ ಎಂದು ಬರೆಯಬೇಕು. ಅಂದರೆ ಬಿಡಿ ಸ್ಥಾನದಲ್ಲಿ 0, ದಶಕ 1. ನಾವು 9ಕ್ಕೆ 1 ಕೂಡಿದಾಗ 0 ಬರೆದು ದಶಕ 1 ಒಯ್ಯುತ್ತೇವಲ್ಲ, ಹಾಗೆಯೇ.

ಸ್ವಲ್ಪ ಗಮನಿಸಿ. ಬಿಡಿ ಸ್ಥಾನದಲ್ಲಿ 1 ಬರುವುದು ಎರಡರಲ್ಲಿ ಒಂದು ಮಾತ್ರ 1 ಆಗಿದ್ದಾಗ. ಅದೇ ಮೆಟ್ಟಿಲ ದೀಪ! ದಶಕ 1 ಬರುವುದು ಎರಡೂ 1 ಆಗಿದ್ದಾಗ. ಅದೇ ತೋಟದ ಮೋಟರು! ಈ ಎರಡು ಜೋಡಣೆಯನ್ನು ಒಟ್ಟಿಗೆ ಇಟ್ಟರೆ ಸ್ವಿಚ್ಚುಗಳೇ ಕೂಡುವ ಲೆಕ್ಕ ಮಾಡಿದ ಹಾಗಾಯಿತು. ಹಿಂದಿನ ಮನೆಯಿಂದ ಬಂದ ದಶಕವನ್ನೂ ಸೇರಿಸಿಕೊಳ್ಳುವ ಹಾಗೆ ಇಂಥ ಜೋಡಣೆಗಳನ್ನು ಸಾಲಾಗಿ ಇಟ್ಟರೆ ಎಷ್ಟು ದೊಡ್ಡ ಸಂಖ್ಯೆ ಬೇಕಾದರೂ ಕೂಡಬಹುದು. ಕಳೆಯುವುದು, ಗುಣಿಸುವುದು, ಎರಡು ಸಂಖ್ಯೆಯಲ್ಲಿ ಯಾವುದು ದೊಡ್ಡದು ಅಂತ ನೋಡುವುದು, ಎಲ್ಲದಕ್ಕೂ ಇಂಥವೇ ಜೋಡಣೆಗಳಿವೆ. ಕಂಪ್ಯೂಟರಿಗೆ ಬುದ್ಧಿ ಇದೆ ಅಂತ ನಾವು ಹೇಳುವುದು ಈ ಸ್ವಿಚ್ಚುಗಳ ಜೋಡಣೆಯನ್ನೇ.

*ಕೈ ಇಲ್ಲದೆ ಸ್ವಿಚ್ ಹಾಕುವವರು ಯಾರು?*

ಮನೆಯ ಸ್ವಿಚ್ಚನ್ನು ನಮ್ಮ ಬೆರಳು ಒತ್ತುತ್ತದೆ. ಕಂಪ್ಯೂಟರಿನೊಳಗೆ ಒಂದು ಸ್ವಿಚ್ಚನ್ನು ಇನ್ನೊಂದು ಸ್ವಿಚ್ಚಿನ ಕರೆಂಟೇ ಒತ್ತಬೇಕು. ಇದಕ್ಕೆ ಬೇಕಾದ ಸಾಮಾನೇ ಟ್ರಾನ್ಸಿಸ್ಟರ್. ಕೆರೆಯ ತೂಬು ನೋಡಿದ್ದೀರಲ್ಲ? ತೂಬು ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಟ್ರಾನ್ಸಿಸ್ಟರಿಗೆ ಮೂರು ಕಾಲು. ಒಂದು ಕಾಲಿನಿಂದ ಇನ್ನೊಂದಕ್ಕೆ ಕರೆಂಟು ಹರಿಯಬೇಕು. ಮೂರನೆಯ ಕಾಲು ತೂಬು ಇದ್ದ ಹಾಗೆ. ಅದಕ್ಕೆ ಸ್ವಲ್ಪ ವೋಲ್ಟೇಜ್ ಕೊಟ್ಟರೆ ದಾರಿ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ.

ಟ್ರಾನ್ಸಿಸ್ಟರ್ ಬರುವುದಕ್ಕೆ ಮುಂಚೆ ಈ ಕೆಲಸವನ್ನು ಗಾಜಿನ ವಾಲ್ವುಗಳು ಮಾಡುತ್ತಿದ್ದವು. ಅಮೆರಿಕದಲ್ಲಿ 1946ರಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಒಂದು ದೊಡ್ಡ ಕೋಣೆಯ ತುಂಬಾ ಅದೇ ಇತ್ತು. ವಾಲ್ವು ಬಲ್ಬಿನ ಹಾಗೆ ಬಿಸಿಯಾಗುತ್ತದೆ, ಬಲ್ಬಿನ ಹಾಗೆಯೇ ಸುಟ್ಟೂ ಹೋಗುತ್ತದೆ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ, 1960ರಲ್ಲಿ ಕೆಲಸ ಶುರು ಮಾಡಿದ ‘ಟಿಫ್ರಾಕ್’ ಕೂಡ ವಾಲ್ವಿನದೇ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಟೈನ್ ಮೊದಲ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. ಅವರಿಗೂ ವಿಲಿಯಂ ಶಾಕ್ಲಿಗೂ 1956ರಲ್ಲಿ ನೊಬೆಲ್ ಬಹುಮಾನ ಬಂತು. 1958ರಲ್ಲಿ ಜ್ಯಾಕ್ ಕಿಲ್ಬಿ ಎಂಬ ಎಂಜಿನಿಯರ್ ಹಲವು ಭಾಗಗಳನ್ನು ಒಂದೇ ಚೂರಿನಲ್ಲಿ ಮಾಡಿ ತೋರಿಸಿದರು. ಅದೇ ‘ಚಿಪ್’ನ ಹುಟ್ಟು. 1971ರಲ್ಲಿ ಇಂಟೆಲ್ ಕಂಪನಿಯ 4004 ಎಂಬ ಚಿಪ್ ಬಂತು. ಇಡೀ ಸಿ.ಪಿ.ಯು. ಒಂದೇ ಚಿಪ್ಪಿನೊಳಗೆ! ಅದರಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. 2020ರಲ್ಲಿ ಆಪಲ್ ಕಂಪನಿ ತಂದ ಎಂ1 ಚಿಪ್ಪಿನಲ್ಲಿ 1,600 ಕೋಟಿ ಟ್ರಾನ್ಸಿಸ್ಟರ್! ಈಗಿನ ಟ್ರಾನ್ಸಿಸ್ಟರುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ನಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ.

ಇವನ್ನೆಲ್ಲ ಮಾಡುವುದು ಯಾವುದರಿಂದ ಗೊತ್ತೇ? ಸಿಲಿಕಾನ್ ಎಂಬ ಧಾತುವಿನಿಂದ. ನಾವು ತುಳಿದಾಡುವ ಮರಳಿನಲ್ಲಿ ಇರುವುದೂ ಅದೇ ಸಿಲಿಕಾನ್, ಆಮ್ಲಜನಕದ ಜೊತೆ ಸೇರಿಕೊಂಡು.

*ಡಬ್ಬದೊಳಗಿನ ಸಂಸಾರ*

ಈಗ ಡಬ್ಬದ ಪಕ್ಕದ ತಗಡು ತೆಗೆದರೆ ಏನೇನು ಕಾಣುತ್ತದೆ ನೋಡೋಣ.

ಎಸ್.ಎಂ.ಪಿ.ಎಸ್.: ಕರೆಂಟಿನ ವಯರು ಬಂದು ಸೇರುವ ತಗಡಿನ ಪೆಟ್ಟಿಗೆ ಇದು. ಗೋಡೆಯ ಕರೆಂಟು 230 ವೋಲ್ಟ್, ಅದೂ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುವ ಎ.ಸಿ. ಅದನ್ನು ಹಾಗೇ ಚಿಪ್ಪಿಗೆ ಕೊಟ್ಟರೆ ಭಸ್ಮ. ಈ ಪೆಟ್ಟಿಗೆ ಅದನ್ನು ಇಳಿಸಿ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಡಿ.ಸಿ. ಮಾಡಿ ಹಂಚುತ್ತದೆ. ಸಿ.ಪಿ.ಯು.ಗೆ ಇನ್ನೂ ಕಡಿಮೆ ಸಾಕು, ಸುಮಾರು 1 ವೋಲ್ಟ್. ನಮ್ಮ ಟಾರ್ಚಿನ ಒಂದು ಸೆಲ್ಲಿಗಿಂತಲೂ ಕಡಿಮೆ!

ಮದರ್ ಬೋರ್ಡ್: ದೊಡ್ಡ ಹಲಗೆ. ಎಲ್ಲರೂ ಇದರ ಮೇಲೆಯೇ ವಾಸ. ಅದರ ಮೇಲೆ ಕಾಣುವ ಸಣ್ಣ ಗೆರೆಗಳು ತಾಮ್ರದ ದಾರಿಗಳು. ನಮ್ಮ ಊರಿನ ರಸ್ತೆಗಳಂತೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸುದ್ದಿ ಒಯ್ಯುತ್ತವೆ.

ಸಿ.ಪಿ.ಯು.: ಕೆಲಸ ಮಾಡುವ ಯಜಮಾನ. ಅದರ ದಿನಚರಿ ಬಹಳ ಸರಳ. ಒಂದು ಆಜ್ಞೆ ತರುವುದು, ಅದರ ಅರ್ಥ ತಿಳಿಯುವುದು, ಅದರಂತೆ ಮಾಡುವುದು, ಉತ್ತರ ಇಡುವುದು. ಮತ್ತೆ ಮುಂದಿನ ಆಜ್ಞೆ. ಡ್ರಿಲ್ ಪೀರಿಯಡ್ಡಿನಲ್ಲಿ ಪಿ.ಟಿ. ಮೇಷ್ಟ್ರು ಸೀಟಿ ಊದಿದ ಹಾಗೆ ಇದಕ್ಕೂ ತಾಳ ಹಾಕುವ ಗಡಿಯಾರ ಇದೆ. 3 ಗಿಗಾಹರ್ಟ್ಸ್ ಅಂತ ಬರೆದಿದ್ದರೆ ಸೆಕೆಂಡಿಗೆ 300 ಕೋಟಿ ತಾಳ ಎಂದು ಅರ್ಥ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ ಅಂತ ಪಾಠದಲ್ಲಿ ಓದಿದ್ದೇವೆ. ಅಂಥ ಬೆಳಕು ಕೂಡ ಈ ಒಂದು ತಾಳದ ಹೊತ್ತಿಗೆ ಹೋಗುವುದು 10 ಸೆಂಟಿಮೀಟರ್ ಮಾತ್ರ!

ರ‍್ಯಾಮ್: ಸ್ಲೇಟು. ಕೆಲಸ ಮಾಡುತ್ತಿರುವಾಗ ಬೇಕಾದದ್ದನ್ನೆಲ್ಲ ಬರೆದುಕೊಳ್ಳುವ ಜಾಗ. ಉದ್ದನೆಯ ಪಟ್ಟಿಯ ಹಾಗೆ ಇರುತ್ತದೆ, ಸೀಳಿನಲ್ಲಿ ಸಿಕ್ಕಿಸಿರುತ್ತಾರೆ. ಇದರಲ್ಲಿ ಒಂದೊಂದು ಬಿಟ್ಟನ್ನೂ ಒಂದು ಪುಟ್ಟ ಕೆಪಾಸಿಟರಿನಲ್ಲಿ ವಿದ್ಯುತ್ತಾಗಿ ತುಂಬಿಡುತ್ತಾರೆ. ಆದರೆ ಅದು ತೂತು ಬಿದ್ದ ಬಿಂದಿಗೆ. ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 15 ಸಲ, ಎಲ್ಲ ಬಿಂದಿಗೆಯನ್ನೂ ಮತ್ತೆ ಮತ್ತೆ ತುಂಬಿಸುತ್ತಿರಬೇಕು. ಕರೆಂಟು ಹೋದರೆ ತುಂಬಿಸುವವರಿಲ್ಲ, ಸ್ಲೇಟು ಖಾಲಿ. ಟೈಪ್ ಮಾಡಿದ್ದನ್ನು ‘ಸೇವ್’ ಮಾಡುವ ಮೊದಲು ಕರೆಂಟು ಹೋದರೆ ಎಲ್ಲ ಮಾಯವಾಗುವುದು ಇದಕ್ಕೇ.

ಹಾರ್ಡ್ ಡಿಸ್ಕ್: ನೋಟ್ ಪುಸ್ತಕ. ಬರೆದದ್ದು ಕರೆಂಟು ಹೋದರೂ ಉಳಿಯುತ್ತದೆ. ಇದರೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಅಯಸ್ಕಾಂತದ ಗುರುತುಗಳು. ಒಂದು ಕಡೆ ಮುಖ ಮಾಡಿದರೆ 0, ಇನ್ನೊಂದು ಕಡೆಯಾದರೆ 1 ಅಂದುಕೊಳ್ಳಿ. ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಕಂಪ್ಯೂಟರ್ ನಡೆಯುವಾಗ ಡಬ್ಬವನ್ನು ಒದೆಯಬಾರದು, ಮೇಜು ಅಲುಗಿಸಬಾರದು ಅಂತ ಹೇಳುವುದು ಇದಕ್ಕಾಗಿ. ಹೊಸ ಕಂಪ್ಯೂಟರುಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್.ಎಸ್.ಡಿ. ಎಂಬ ಚಿಪ್ಪುಗಳ ಹಲಗೆ ಇರುತ್ತದೆ. ಪೆನ್ ಡ್ರೈವ್, ಮೊಬೈಲಿನ ಮೆಮರಿ ಕಾರ್ಡ್ ಎಲ್ಲ ಅದರ ಅಣ್ಣ ತಮ್ಮಂದಿರು.

ಗುಂಡು ಸೆಲ್: ಮದರ್ ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಸೆಲ್ ಇರುತ್ತದೆ. ಕಂಪ್ಯೂಟರ್ ಆರಿಸಿದ್ದಾಗಲೂ ದಿನಾಂಕ, ಗಂಟೆ ಮರೆಯದಂತೆ ನೋಡಿಕೊಳ್ಳುವುದು ಇದೇ. ಕೈಗಡಿಯಾರದಲ್ಲಿ ಇರುವಂಥ ಸ್ಫಟಿಕ ಇಲ್ಲೂ ಇದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋಗಿ, ಕೊನೆಗೆ ಏನು ಬರುತ್ತದೆ ನೋಡಿ. ಆಗ ಈ ಸಂಖ್ಯೆಯನ್ನೇ ಯಾಕೆ ಆರಿಸಿಕೊಂಡರು ಅಂತ ತಿಳಿಯುತ್ತದೆ.

ಫ್ಯಾನ್: ಸ್ವಿಚ್ಚು ಬದಲಾದಾಗೆಲ್ಲ ಸ್ವಲ್ಪ ಬಿಸಿ ಹುಟ್ಟುತ್ತದೆ. ಕೋಟಿಗಟ್ಟಲೆ ಸ್ವಿಚ್ಚು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಬದಲಾದರೆ? ಸಿ.ಪಿ.ಯು. ಇಸ್ತ್ರಿ ಪೆಟ್ಟಿಗೆಯ ಹಾಗೆ ಆದೀತು. ಆದ್ದರಿಂದ ಅದರ ಮೇಲೆ ಅಲ್ಯೂಮಿನಿಯಂ ಕಟ್ಟು, ಅದರ ಮೇಲೆ ಫ್ಯಾನ್.

*ಬಿಸಿಯೂಟದ ಅಡುಗೆ ಮನೆ*

ಸ್ಲೇಟು ಒಂದು, ನೋಟ್ ಪುಸ್ತಕ ಒಂದು, ಎರಡು ಯಾಕೆ? ಎಲ್ಲವನ್ನೂ ಹಾರ್ಡ್ ಡಿಸ್ಕಿನಲ್ಲೇ ಇಡಬಹುದಲ್ಲ ಅಂತ ಪ್ರಶ್ನೆ ಬರುತ್ತದೆ. ಉತ್ತರ ನಮ್ಮ ಬಿಸಿಯೂಟದ ಅಡುಗೆ ಮನೆಯಲ್ಲಿದೆ. ಅಕ್ಕಿ ಬೇಳೆ ಮೂಟೆಗಳು ಬೀಗ ಹಾಕಿದ ದಾಸ್ತಾನು ಕೋಣೆಯಲ್ಲಿರುತ್ತವೆ. ಇವತ್ತಿಗೆ ಬೇಕಾದಷ್ಟನ್ನು ಅಳೆದು ತಂದು ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಉಪ್ಪು, ಸಾಸಿವೆ, ಅರಿಸಿನ ಒಲೆಯ ಪಕ್ಕದಲ್ಲೇ ಕೈಗೆ ಸಿಗುವ ಹಾಗೆ ಇರುತ್ತದೆ. ಅಡುಗೆ ಮಾಡುವ ಅಕ್ಕ ಒಂದೊಂದು ಚಿಟಿಕೆ ಉಪ್ಪಿಗೂ ದಾಸ್ತಾನು ಕೋಣೆಗೆ ಓಡಿದರೆ ನಮಗೆ ಊಟ ಸಂಜೆಗೆ!

ದಾಸ್ತಾನು ಕೋಣೆಯೇ ಹಾರ್ಡ್ ಡಿಸ್ಕ್. ಕಟ್ಟೆಯೇ ರ‍್ಯಾಮ್. ಒಲೆ ಪಕ್ಕದ ಡಬ್ಬಿಗಳಂತೆ ಸಿ.ಪಿ.ಯು. ಒಳಗೇ ಇರುವ ಸ್ವಲ್ಪ ಜಾಗಕ್ಕೆ ‘ಕ್ಯಾಶ್’ ಎಂದು ಹೆಸರು. ಇದು ದುಡ್ಡಿನ ಕ್ಯಾಶ್ ಅಲ್ಲ.

ಇವುಗಳ ವೇಗದ ಅಂತರ ಎಷ್ಟು? ಸಿ.ಪಿ.ಯು.ವಿನ ಒಂದು ತಾಳವನ್ನು ಒಂದು ಸೆಕೆಂಡಿನಷ್ಟು ಎಳೆದಿದ್ದೇವೆ ಅಂದುಕೊಳ್ಳಿ. ಆಗ ಲೆಕ್ಕ ಹೀಗೆ ಬರುತ್ತದೆ.

ರ‍್ಯಾಮಿನಿಂದ ಒಂದು ಸಂಖ್ಯೆ ತರಲು ನಾಲ್ಕೈದು ನಿಮಿಷ.
ಎಸ್.ಎಸ್.ಡಿ.ಯಿಂದ ತರಲು ಮೂರೂವರೆ ದಿನ.
ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಹನ್ನೊಂದು ತಿಂಗಳ ಮೇಲೆ!

ನಿಜವಾದ ಹೊತ್ತು ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಅಷ್ಟೇ. ಆದರೆ ಸಿ.ಪಿ.ಯು.ಗೆ ಅದು ಒಂದು ವರ್ಷ ಕಾದ ಹಾಗೆ. ಅದಕ್ಕೇ ಕಂಪ್ಯೂಟರ್ ಹಾಕಿದಾಗ ಬೇಕಾದದ್ದನ್ನು ಮೊದಲೇ ಕಟ್ಟೆಗೆ ತಂದು ಹರಡಿಕೊಳ್ಳುತ್ತದೆ. ಹಾಕಿದ ತಕ್ಷಣ ಒಂದೆರಡು ನಿಮಿಷ ಕಾಯಿಸುವುದು ಇದರಿಂದ. ರ‍್ಯಾಮ್ ಚಿಕ್ಕದಾದರೆ ಕಟ್ಟೆ ಚಿಕ್ಕದು. ಆಗ ಒಂದನ್ನು ತೆಗೆದಿಟ್ಟು ಇನ್ನೊಂದನ್ನು ತರುತ್ತಾ ದಾಸ್ತಾನು ಕೋಣೆಗೆ ಓಡಾಡುವುದೇ ಕೆಲಸ. ಹಳೆಯ ಕಂಪ್ಯೂಟರ್ ‘ನಿಧಾನ’ ಅಂತ ಬೈಯುತ್ತೇವಲ್ಲ, ಎಷ್ಟೋ ಸಲ ಸಿ.ಪಿ.ಯು. ಮುದಿಯಾಗಿರುವುದಿಲ್ಲ, ಕಟ್ಟೆ ಇಕ್ಕಟ್ಟಾಗಿರುತ್ತದೆ.

*‘ಕ’ ಒತ್ತಿದರೆ ‘ಕ’ ಬರುವುದು ಹೇಗೆ?*

ಈಗ ಎಲ್ಲರೂ ಸೇರಿ ಕೆಲಸ ಮಾಡುವುದನ್ನು ನೋಡೋಣ. ಕೀಲಿಮಣೆಯಲ್ಲಿ ಕನ್ನಡ ಆರಿಸಿಕೊಂಡು ‘ಕ’ ಒತ್ತಿದೆವು.

ಕೀಲಿಗಳ ಕೆಳಗೆ ಅಡ್ಡ ಉದ್ದ ತಂತಿಗಳ ಜಾಲ ಇದೆ, ಚೌಕಾಬಾರದ ಮನೆಗಳಂತೆ. ನಾವು ಒತ್ತಿದ ಕಡೆ ಅಡ್ಡ ತಂತಿಗೂ ಉದ್ದ ತಂತಿಗೂ ಸಂಬಂಧ ಆಗುತ್ತದೆ. ಕೀಲಿಮಣೆಯೊಳಗಿನ ಚಿಪ್ ‘ಇಷ್ಟನೇ ಸಾಲು, ಇಷ್ಟನೇ ಮನೆ’ ಎಂದು ಗುರುತಿಸಿ ಅದರ ಸಂಕೇತವನ್ನು ವಯರಿನ ಮೂಲಕ ಕಳಿಸುತ್ತದೆ. ಸಿ.ಪಿ.ಯು. ಮಾಡುತ್ತಿದ್ದ ಕೆಲಸ ಒಂದು ಕ್ಷಣ ನಿಲ್ಲಿಸಿ ಅದನ್ನು ತೆಗೆದುಕೊಳ್ಳುತ್ತದೆ. ಪಟ್ಟಿ ನೋಡಿ, ಇದು 3221ನೇ ಅಕ್ಷರ ಅಂತ ತಿಳಿಯುತ್ತದೆ. ಯೂನಿಕೋಡ್ ಎಂಬ ಜಗತ್ತಿನ ಅಕ್ಷರಗಳ ಹಾಜರಿ ಪುಸ್ತಕದಲ್ಲಿ ನಮ್ಮ ‘ಕ’ದ ನಂಬರ್ 3221. ಎರಡಂಕಿಯಲ್ಲಿ ಬರೆದರೆ 110010010101. ಬೀದರಿನಲ್ಲಿ ಟೈಪ್ ಮಾಡಿದರೂ, ಅಮೆರಿಕದಲ್ಲಿರುವ ಕನ್ನಡಿಗರು ಟೈಪ್ ಮಾಡಿದರೂ ಇದೇ ನಂಬರ್. ಆ ನಂಬರ್ ರ‍್ಯಾಮಿನಲ್ಲಿ ಕೂರುತ್ತದೆ.

ಒಂದು ಸ್ವಾರಸ್ಯ ಕೇಳಿ. ‘ಅಕ್ಕ’ ಎಂದು ಬರೆದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ನಾಲ್ಕು: ಅ, ಕ, ಅರ್ಧಾಕ್ಷರದ ಗುರುತು, ಮತ್ತೆ ಕ. ಇವನ್ನು ಸೇರಿಸಿ ಒತ್ತಕ್ಷರವಾಗಿ ಜೋಡಿಸುವುದು ಅಕ್ಷರಗಳ ಆಕಾರ ಇಟ್ಟುಕೊಂಡ ‘ಫಾಂಟ್’ ಮತ್ತು ಅದನ್ನು ಓದುವ ತಂತ್ರಾಂಶದ ಕೆಲಸ. ಫಾಂಟ್ ಸರಿಯಿಲ್ಲದಿದ್ದರೆ ಒತ್ತಕ್ಷರದ ಬದಲು ಚೌಕದ ಡಬ್ಬಿಗಳು ಕಾಣುವುದು ಇದರಿಂದ. ಅದು ಯಂತ್ರ ಕೆಟ್ಟದ್ದಲ್ಲ.

ಕೊನೆಗೆ ಪರದೆ. ಪರದೆ ಅಂದರೆ ಚುಕ್ಕಿಗಳ ರಂಗೋಲಿ. ಈಗ ಹೆಚ್ಚಾಗಿ ಬಳಸುವ ಪರದೆಯಲ್ಲಿ ಅಡ್ಡ 1,920, ಉದ್ದ 1,080, ಒಟ್ಟು 20,73,600 ಚುಕ್ಕಿಗಳು. ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪ. ಯಾವ ದೀಪ ಎಷ್ಟು ಉರಿಯಬೇಕು ಎಂದು ಸೆಕೆಂಡಿಗೆ ಸಾಮಾನ್ಯವಾಗಿ 60 ಸಲ ಹೇಳಿ ಕಳಿಸುತ್ತಾರೆ. ಆಗ ನಮ್ಮ ‘ಕ’ ಕಾಣುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ!

*ರೋಗ ಯಾವುದು, ಅಂಗ ಯಾವುದು?*

ಈಗ ಮುಖ್ಯ ವಿಷಯಕ್ಕೆ ಬರೋಣ. ಕಂಪ್ಯೂಟರ್ ಹೇಗೆ ಕೆಟ್ಟಿದೆ ಎಂಬುದನ್ನು ಗಮನಿಸಿದರೆ ಯಾವ ಭಾಗ ಕೆಟ್ಟಿರಬಹುದು ಅಂತ ಊಹಿಸಬಹುದು.

1. ಗುಂಡಿ ಒತ್ತಿದರೆ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ: ಮೊದಲು ಗೋಡೆಯ ಕರೆಂಟು, ವಯರು, ಡಬ್ಬದ ಹಿಂದಿನ ಚಿಕ್ಕ ಸ್ವಿಚ್ ನೋಡಬೇಕು. ಅವು ಸರಿಯಿದ್ದರೆ ಅನುಮಾನ ಎಸ್.ಎಂ.ಪಿ.ಎಸ್. ಮೇಲೆ. ಅದನ್ನು ಬದಲಿಸಿದರೆ ಉಳಿದದ್ದೆಲ್ಲ ನಡೆಯಬಹುದು. ಒಳಗೆ ಬರೆದಿಟ್ಟ ಪಾಠ, ಅಂಕಪಟ್ಟಿ ಎಲ್ಲ ಹಾರ್ಡ್ ಡಿಸ್ಕಿನಲ್ಲಿ ಸುರಕ್ಷಿತವಾಗಿ ಇರಬಹುದು.

2. ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಪರದೆ ಕಪ್ಪು: ಆ ಬೀಪ್ ಅಳುವಲ್ಲ, ಸಂದೇಶ. ಹಾಕಿದ ತಕ್ಷಣ ಕಂಪ್ಯೂಟರ್ ತನ್ನ ಅಂಗಗಳನ್ನೆಲ್ಲ ಎಣಿಸಿ ನೋಡುತ್ತದೆ. ಯಾವುದೋ ಸಿಗದಿದ್ದರೆ ಬೀಪ್ ಅನ್ನುತ್ತದೆ. ಬಹಳ ಸಲ ರ‍್ಯಾಮ್ ಪಟ್ಟಿ ಸಡಿಲವಾಗಿರುತ್ತದೆ ಅಥವಾ ಅದರ ಹೊಳೆಯುವ ಹಲ್ಲುಗಳಿಗೆ ಕೊಳೆ ಹಿಡಿದಿರುತ್ತದೆ. ರಿಪೇರಿಯವರು ಅದನ್ನು ತೆಗೆದು, ನಾವು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಸಿಕ್ಕಿಸುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ.

3. ದಿನಾಲೂ ತಾರೀಖು ಹಳೆಯದು ತೋರಿಸುತ್ತದೆ: ಗುಂಡು ಸೆಲ್ ಮುಗಿದಿದೆ. ಹೊಸ ಸೆಲ್ ಹಾಕಿದರೆ ಆಯಿತು.

4. ಹತ್ತು ನಿಮಿಷ ನಡೆದು ತಾನಾಗಿಯೇ ಆರಿಹೋಗುತ್ತದೆ: ಹೆಚ್ಚಾಗಿ ಬಿಸಿ. ಫ್ಯಾನಿಗೆ ಧೂಳು ಕಟ್ಟಿರುತ್ತದೆ, ಇಲ್ಲವೇ ಫ್ಯಾನ್ ನಿಂತಿರುತ್ತದೆ. ಸುಟ್ಟುಹೋಗುವ ಮೊದಲು ಸಿ.ಪಿ.ಯು. ತನ್ನನ್ನು ತಾನೇ ಉಳಿಸಿಕೊಳ್ಳುತ್ತಿದೆ.

5. ಒಳಗಿನಿಂದ ಕಟ್ ಕಟ್ ಎಂದು ಸದ್ದು, ಡಿಸ್ಕ್ ಸಿಗುತ್ತಿಲ್ಲ ಅಂತ ಪರದೆಯ ಮೇಲೆ ಬರಹ: ಇದು ಹಾರ್ಡ್ ಡಿಸ್ಕ್ ಕಾಯಿಲೆ. ಎಲ್ಲಕ್ಕಿಂತ ದುಃಖದ ಕಾಯಿಲೆ ಇದೇ. ಎಸ್.ಎಂ.ಪಿ.ಎಸ್. ಹೋದರೆ ದುಡ್ಡು ಕೊಟ್ಟು ತರಬಹುದು. ನಮ್ಮ ಬರಹ, ಫೋಟೋ ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಮುಖ್ಯವಾದದ್ದನ್ನು ಇನ್ನೊಂದು ಕಡೆಯೂ ಉಳಿಸಿಡಬೇಕು.

ಇವು ಊಹೆಗೆ ದಾರಿ ಮಾತ್ರ. ಜ್ವರ ಬಂದರೆ ಮಲೇರಿಯಾನೇ ಅಂತ ಹೇಳಲಾಗದ ಹಾಗೆ, ಖಚಿತ ಮಾಡುವುದು ತಿಳಿದವರ ಕೆಲಸ.

*ಎಚ್ಚರಿಕೆ! ಎಚ್ಚರಿಕೆ!*

ಇದನ್ನು ಓದಿ ಯಾರೂ ಸ್ಕ್ರೂ ಡ್ರೈವರ್ ಹಿಡಿದು ಹೊರಡಬೇಡಿ. ಗುರುಗಳು ಜೊತೆಗಿಲ್ಲದೆ ಡಬ್ಬ ತೆಗೆಯಬಾರದು. ತೆಗೆಯುವ ಮೊದಲು ಗೋಡೆಯಿಂದ ಪ್ಲಗ್ ಕಿತ್ತಿರಬೇಕು, ಬರೀ ಆರಿಸಿದರೆ ಸಾಲದು.

ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನಂತೂ ಎಂದಿಗೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಬಹುದು. ಪ್ರಾಣಕ್ಕೇ ಅಪಾಯ.

ಒಣ ಹವೆಯಲ್ಲಿ ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರು ಎತ್ತುವ ಪ್ರಯೋಗ ಮಾಡಿದ್ದೇವೆ. ಅದೇ ಸ್ಥಾಯಿ ವಿದ್ಯುತ್ತು ನಮ್ಮ ಮೈಯಲ್ಲೂ ಸೇರಿರುತ್ತದೆ. ನಮಗೆ ಚುರುಕ್ ಅಂತಲೂ ಅನ್ನಿಸದಷ್ಟು ವಿದ್ಯುತ್ತು ಕೂಡ ಚಿಪ್ಪನ್ನು ಕೊಲ್ಲಬಹುದು. ಅದಕ್ಕೇ ರಿಪೇರಿಯವರು ಮೊದಲು ಡಬ್ಬದ ತಗಡನ್ನು ಮುಟ್ಟಿ ಆಮೇಲೆ ಒಳಗೆ ಕೈ ಹಾಕುತ್ತಾರೆ.

ಇನ್ನೊಂದು ಮಾತು. ನಿಜವಾಗಿಯೂ ಕೆಟ್ಟದ್ದನ್ನು ಕೂಡ ಎಲ್ಲೆಂದರಲ್ಲಿ ಎಸೆಯಬಾರದು. ತಾಮ್ರಕ್ಕಾಗಿ ವಯರು ಸುಡುವುದನ್ನು ನೀವು ನೋಡಿರಬಹುದು. ಆ ಹೊಗೆ ವಿಷ. ಹಳೆಯ ದಪ್ಪ ಪರದೆಗಳ ಗಾಜಿನಲ್ಲಿ, ಹಳೆಯ ಹಲಗೆಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಅದು ಮಣ್ಣಿಗೆ ಸೇರಿದರೆ ನೀರಿಗೂ ಸೇರುತ್ತದೆ. ಇಂಥ ಕಸಕ್ಕೆ ‘ಇ-ತ್ಯಾಜ್ಯ’ ಎಂದು ಹೆಸರು. ಇದನ್ನು ನೋಂದಾಯಿತ ಮರುಬಳಕೆ ಘಟಕಗಳಿಗೆ ಸೇರಿಸಬೇಕು ಎಂದು ಕೇಂದ್ರ ಸರ್ಕಾರದ 2022ರ ನಿಯಮಗಳಿವೆ. ಅವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ.

*ನಮ್ಮ ಎರಡು ಮತ್ತು ನಾಲ್ಕನೇ ನಂಬರ್*

ಬಟ್ಟೆ ಹೊದಿಸಿದ ಎರಡು ಕಂಪ್ಯೂಟರುಗಳಲ್ಲಿ ನಾಲ್ಕನೇ ನಂಬರಿನದು ಗುಂಡಿ ಒತ್ತಿದರೆ ಸುಮ್ಮನೆ ಇರುತ್ತದೆ. ಎರಡನೇ ನಂಬರಿನದು ಫ್ಯಾನ್ ತಿರುಗಿಸಿ ಬೀಪ್ ಅನ್ನುತ್ತದೆ, ಪರದೆ ಮಾತ್ರ ಹತ್ತುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಇವು ಯಾವ ಯಾವ ನಂಬರಿಗೆ ಸೇರುತ್ತವೆ ನೀವೇ ನೋಡಿ.

ಇಬ್ಬರದೂ ಒಂದೇ ಕಾಯಿಲೆ ಅಲ್ಲ. ಎರಡರ ಎಲ್ಲ ಭಾಗಗಳೂ ಒಟ್ಟಿಗೆ ಕೆಟ್ಟಿರುವುದು ಕಷ್ಟ. ಏನೂ ಇಲ್ಲವೆಂದರೂ ಒಂದರ ಒಳ್ಳೆಯ ಭಾಗ ಇನ್ನೊಂದಕ್ಕೆ ಹೊಂದಿದರೆ ಎರಡು ಸೇರಿ ಒಂದಾದರೂ ಎದ್ದು ನಿಲ್ಲಬಹುದು. ಆದ್ದರಿಂದ ಮಾನ್ಯ ಮುಖ್ಯೋಪಾಧ್ಯಾಯರಲ್ಲಿ ನಮ್ಮ ವಿನಂತಿ ಏನೆಂದರೆ, ಗುಜರಿಗೆ ಕೊಡುವ ಮೊದಲು ಒಂದು ಸಲ ತಿಳಿದವರನ್ನು ಕರೆಸಿ ತೋರಿಸಬೇಕು. ಅವರು ಡಬ್ಬ ತೆಗೆಯುವ ದಿನ ನಮ್ಮನ್ನೂ ಸುತ್ತ ನಿಲ್ಲಿಸಿಕೊಳ್ಳಬೇಕು. ಪುಸ್ತಕದ ಚಿತ್ರದಲ್ಲಿ ನೋಡಿದ ಮದರ್ ಬೋರ್ಡನ್ನು ಕಣ್ಣಾರೆ ನೋಡುವ ಪಾಠ ಅದಾಗುತ್ತದೆ. ಮುಟ್ಟುವುದಿಲ್ಲ, ಗಲಾಟೆ ಮಾಡುವುದಿಲ್ಲ ಅಂತ ಎಲ್ಲರ ಪರವಾಗಿ ಮಾತು ಕೊಡುತ್ತೇವೆ. ಅಷ್ಟರವರೆಗೆ ‘ಕೆಟ್ಟಿದೆ’ ಎಂಬ ಚೀಟಿಯ ಬದಲು ‘ಪರೀಕ್ಷೆ ಆಗಬೇಕಿದೆ’ ಎಂದು ಬರೆದರೆ ಚೆನ್ನ.

*ಉತ್ತರ ಹೇಳಿ ನೋಡೋಣ*

1. ಐದು ಜನ ಸಾಲಾಗಿ ನಿಂತು ಕೂತು ಎಷ್ಟು ಸಂಖ್ಯೆಗಳನ್ನು ತೋರಿಸಬಹುದು?
2. 01010101 ಎಂದು ನಿಂತಿದ್ದಾರೆ. ಯಾವ ಸಂಖ್ಯೆ?
3. ‘ಪುಸ್ತಕ’ ಎಂಬ ಪದಕ್ಕೆ ಕಂಪ್ಯೂಟರ್ ಎಷ್ಟು ಸಂಕೇತ ಇಟ್ಟುಕೊಳ್ಳುತ್ತದೆ? (ಸುಳಿವು: ಕೊಂಬು ಬೇರೆ, ಅರ್ಧಾಕ್ಷರದ ಗುರುತು ಬೇರೆ.)
4. ಪ್ರಬಂಧ ಟೈಪ್ ಮಾಡುವಾಗ ಕರೆಂಟು ಹೋಯಿತು. ನಿನ್ನೆ ಸೇವ್ ಮಾಡಿದ ಅರ್ಧ ಉಳಿಯಿತು, ಇವತ್ತು ಬರೆದ ಅರ್ಧ ಹೋಯಿತು. ಯಾವುದು ಎಲ್ಲಿತ್ತು?

ಉತ್ತರಗಳನ್ನು ಹೆಸರು, ತರಗತಿ ಸಹಿತ ಚೀಟಿಯಲ್ಲಿ ಬರೆದು ಈ ಹಲಗೆಯ ಕೆಳಗಿನ ಪೆಟ್ಟಿಗೆಗೆ ಶನಿವಾರದೊಳಗೆ ಹಾಕಿ. ಸರಿಯುತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

— ಒಂಬತ್ತನೇ ತರಗತಿಯ ವಿಜ್ಞಾನ ಬಳಗದ ಪರವಾಗಿ